ಒಂದು ಸಲ ಒತ್ತಿದರೆ ಎಷ್ಟು ಬಾಲ್? ನೀಲಗಿರಿ ತೋಪಿನ ಒಂದು ಪ್ರಕರಣ

ಪೇಂಟ್‌ಬಾಲ್ ಆಟದ ಮೂರನೇ ಸುತ್ತು ಶುರುವಾಗಿ ಆರೇಳು ನಿಮಿಷ ಆಗಿತ್ತು. ನಾನು ಸೀಟಿ ಊದಿ ಆಟ ನಿಲ್ಲಿಸಿದೆ. ಲಂಟಾನ ಪೊದೆಯ ಪಕ್ಕ ಒಬ್ಬ ಹುಡುಗಿ ಮಂಡಿಯೂರಿ ಕೂತಿದ್ದಳು, ಒಂದು ಕೈ ಮೇಲೆತ್ತಿದ್ದಳು. "ಔಟ್, ಔಟ್" ಅಂತ ಅವಳು ಕೂಗಿದ್ದು ಇಪ್ಪತ್ತು ಮೀಟರ್ ದೂರದಲ್ಲಿದ್ದ ನನಗೇ ಕೇಳಿಸಿತ್ತು. ಆದರೂ ಬಾಲ್ ಬೀಳುತ್ತಲೇ ಇದ್ದವು. ಹತ್ತಿರ ಹೋಗಿ ನೋಡಿದೆ. ಬೆನ್ನು, ಭುಜ, ಕತ್ತಿನ ಹಿಂದೆ, ಎಲ್ಲಾ ಸೇರಿ 7 ಕಡೆ ಬಣ್ಣ. ಹೊಡೆದ ಹುಡುಗ ನಿಂತಿದ್ದ ಮರಕ್ಕೂ ಅವಳಿಗೂ ನಡುವೆ ಹೆಚ್ಚೆಂದರೆ 4 ಮೀಟರ್.

ಇದು ಏಪ್ರಿಲ್‌ನ ಒಂದು ಭಾನುವಾರದ ಮಾತು. ನಾನು ವಾರವೆಲ್ಲ ಮೈಸೂರಿನ ಮೇಟಗಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆ ಹೋಗುವಾಗ ಸಿಗುವ ಒಂದು ಪೇಂಟ್‌ಬಾಲ್ ಮೈದಾನದಲ್ಲಿ ಮಾರ್ಷಲ್ ಆಗಿ, ಅಂದರೆ ಅಂಪೈರ್ ಆಗಿ ನಿಲ್ಲುತ್ತೇನೆ. ಎರಡು ತಂಡದವರು ಗನ್ ಹಿಡಿದು ಬಣ್ಣ ತುಂಬಿದ ಬಾಲ್ ಹೊಡೆದುಕೊಳ್ಳುವ ಆಟ ಅದು. ಬಾಲ್ ಮೈಮೇಲೆ ಒಡೆದು ಬಣ್ಣ ಆದರೆ ಔಟ್, ಕೈ ಎತ್ತಿ ಹೊರಗೆ ಹೋಗಬೇಕು. ಮೈದಾನದ ಹೆಸರು, ಆಡಿದವರ ಹೆಸರು ಬರೆಯುವುದಿಲ್ಲ. ಆ ದಿನ ಏನಾಯಿತು, ಯಾಕಾಯಿತು, ನಾವೇನು ಮಾಡಿದೆವು ಅನ್ನುವುದನ್ನು ಮಾತ್ರ ಪೂರ್ತಿ ಬರೆಯುತ್ತೇನೆ. ಯಾಕೆಂದರೆ ಅಲ್ಲಿ ನಡೆದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮೊದಲು ಜಾಗ ಹೇಗಿದೆ ಅಂತ ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥ ಆಗಲ್ಲ. ಸುಮಾರು ಎರಡು ಎಕರೆ ನೀಲಗಿರಿ ತೋಪು. ಮರಗಳು ಸಾಲಾಗಿವೆ, ಆದರೆ ಬೊಡ್ಡೆ ಸಣ್ಣ. ಅದರ ಹಿಂದೆ ನಿಂತರೆ ಅರ್ಧ ಮೈ ಕಾಣಿಸುತ್ತದೆ. ಹಾಗಾಗಿ ಅಡಗುವುದಕ್ಕೆ ಅಲ್ಲಲ್ಲಿ ಮರದ ದಿಮ್ಮಿ ಪೇರಿಸಿದ್ದಾರೆ, ಹಳೇ ಟೈರ್ ಗುಡ್ಡೆ ಹಾಕಿದ್ದಾರೆ, ಮುರಿದ ಒಂದು ಎತ್ತಿನಗಾಡಿ ಇದೆ, ಮಿಕ್ಕದ್ದು ಲಂಟಾನ ಪೊದೆ. ಒಂದು ದಿಮ್ಮಿಯಿಂದ ಇನ್ನೊಂದಕ್ಕೆ ಹತ್ತು ಹನ್ನೆರಡು ಹೆಜ್ಜೆ ಓಡಬೇಕು. ಈ ಓಟದಲ್ಲೇ ಆಟ ಇರುವುದು. ಎದುರಿನವನು ಬಾಲ್ ತುಂಬುವಾಗ, ಅತ್ತ ತಿರುಗಿದಾಗ, ಅಥವಾ ನಮ್ಮವನೊಬ್ಬ ಹೊಡೆದು ಅವನು ತಲೆ ತಗ್ಗಿಸುವ ಹಾಗೆ ಮಾಡಿದಾಗ ಓಡಬೇಕು.

ಅವತ್ತು ಎರಡು ತಂಡ, ತಲಾ ಎಂಟು ಜನ. ಒಂದು ಕಡೆ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯ ಹುಡುಗ ಹುಡುಗಿಯರು. ಬಹಳ ಜನಕ್ಕೆ ಅದೇ ಮೊದಲ ಸಲ. ಇನ್ನೊಂದು ಕಡೆ ಕುವೆಂಪುನಗರದ ಸ್ನೇಹಿತರ ಗುಂಪು. ಅವರು ನಾಲ್ಕೈದು ಸಲ ಬಂದು ಆಡಿದವರು. ಮೈದಾನದ ಮಾಮೂಲಿ ಗನ್ ಅಂದರೆ ಮೆಕ್ಯಾನಿಕಲ್ ಸೆಮಿ ಆಟೊ. ಟ್ರಿಗರ್ ಒಂದು ಸಲ ಒತ್ತಿದರೆ ಒಂದು ಬಾಲ್, ಬಿಟ್ಟು ಮತ್ತೆ ಒತ್ತಿದರೆ ಇನ್ನೊಂದು. ಮೇಲಿನ ಹಾಪರ್‌ನಿಂದ (ಬಾಲ್ ತುಂಬುವ ಡಬ್ಬ) ಬಾಲ್ ತನ್ನ ಭಾರಕ್ಕೇ ಕೆಳಗೆ ಇಳಿಯಬೇಕು. ಹಾಗಾಗಿ ಎಷ್ಟೇ ಬೇಗ ಒತ್ತಿದರೂ ಸೆಕೆಂಡಿಗೆ 8ರ ಮೇಲೆ ಹೋಗುವುದು ಕಷ್ಟ, ಹೋದರೆ ಒಳಗೇ ಬಾಲ್ ಒಡೆದು ಗನ್ ಕಚ್ಚಿಕೊಳ್ಳುತ್ತದೆ. ಹೊಸಬರಂತೂ ಸೆಕೆಂಡಿಗೆ ಮೂರು ನಾಲ್ಕು ಹೊಡೆದರೆ ಜಾಸ್ತಿ.

ಇದರ ಜೊತೆಗೆ ಮೈದಾನದ ಮಾಲೀಕರು ಆ ತಿಂಗಳಷ್ಟೇ ಎರಡು ಎಲೆಕ್ಟ್ರಾನಿಕ್ ಗನ್ ತಂದಿದ್ದರು. ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಮೈದಾನದಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಅದರ ಹಾಪರ್‌ನಲ್ಲಿ ಬ್ಯಾಟರಿ ಮೋಟರ್ ಇದೆ, ಬಾಲ್ ತಳ್ಳುತ್ತದೆ. ಟ್ರಿಗರ್ ಮೌಸ್ ಕ್ಲಿಕ್ ಮಾಡಿದಷ್ಟು ಹಗುರ. ಹೆಚ್ಚಿಗೆ ದುಡ್ಡು ಕೊಟ್ಟರೆ ಯಾರು ಬೇಕಾದರೂ ತಗೋಬಹುದು ಅಂತ ಬೋರ್ಡ್ ಹಾಕಿದ್ದರು. ಎರಡನ್ನೂ ಕುವೆಂಪುನಗರದವರೇ ತಗೊಂಡರು.

ಬೆಳಿಗ್ಗೆ ಆಟಕ್ಕೆ ಮುಂಚೆ ಎಲ್ಲಾ ಗನ್‌ಗಳನ್ನು ಕ್ರೊನೊ ಅನ್ನುವ ವೇಗ ಅಳೆಯುವ ಯಂತ್ರದ ಮುಂದೆ ಹಿಡಿದು ವೇಗ ನೋಡಿದ್ದು ನಾನೇ. ಪೇಂಟ್‌ಬಾಲ್ ಅಂದರೆ 0.68 ಇಂಚು ಅಗಲ, 3 ಗ್ರಾಂ ಆಸುಪಾಸು ತೂಕ. ಜೆಲಾಟಿನ್ ಸಿಪ್ಪೆ, ಒಳಗೆ ನೀರಿನಲ್ಲಿ ತೊಳೆದುಹೋಗುವ ಬಣ್ಣ. ಹೊರಾಂಗಣದಲ್ಲಿ ಸೆಕೆಂಡಿಗೆ 300 ಅಡಿ ಮೀರಬಾರದು ಅನ್ನುವುದು ಎಲ್ಲೆಡೆ ಇರುವ ಕಟ್ಟು. ನಮ್ಮಲ್ಲಿ 280ಕ್ಕೆ ನಿಲ್ಲಿಸುತ್ತೇವೆ. ಅಂದರೆ ಸೆಕೆಂಡಿಗೆ 85 ಮೀಟರ್. ಎಲ್ಲಾ ಗನ್‌ಗಳಿಂದ ಒಂದೊಂದು ಬಾಲ್ ಹೊಡೆಸಿದೆ, ಎಲ್ಲಾ 280ರ ಒಳಗೇ ಬಂತು. ಪಾಸ್ ಅಂದೆ. ಆಮೇಲೆ ಎಲ್ಲರನ್ನೂ ನಿಲ್ಲಿಸಿ ಹೇಳಿದೆ, "ಇವತ್ತು ಎಲ್ಲಾ ಸೆಮಿ. ಒಂದು ಸಲ ಒತ್ತಿದ್ರೆ ಒಂದೇ ಬಾಲ್. ಮಾಸ್ಕ್ ಯಾರೂ ತೆಗೀಬಾರ್ದು. ಕೈ ಎತ್ತಿದವರಿಗೆ ಹೊಡೀಬಾರ್ದು."

ಒಂದೇ ಒಂದು ಬಾಲ್ ಹೊಡೆಸಿ ನೋಡಿದೆ ಅಂದೆನಲ್ಲ, ಅದು ನನ್ನ ತಪ್ಪು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲ ಎರಡು ಸುತ್ತೂ ಕುವೆಂಪುನಗರದವರೇ ಗೆದ್ದರು. ಅನುಭವ ಇದ್ದವರು ಗೆಲ್ಲುತ್ತಾರೆ, ಅದರಲ್ಲೇನೂ ವಿಶೇಷ ಕಾಣಲಿಲ್ಲ. ಆದರೆ ಎರಡನೇ ಸುತ್ತಿನ ಕೊನೆಗೆ ಹೆಬ್ಬಾಳದವರು ಓಡುವುದನ್ನೇ ಬಿಟ್ಟಿದ್ದರು. ದಿಮ್ಮಿಯ ಹಿಂದೆ ಮೂರು ಮೂರು ಜನ ಮುದುಡಿಕೊಂಡು ಕೂತು, ಗನ್ ಮಾತ್ರ ಮೇಲೆತ್ತಿ ನೋಡದೇ ಹೊಡೆಯುತ್ತಿದ್ದರು. ಹೊಸಬರು ಹೆದರಿದ್ದಾರೆ ಅಂದುಕೊಂಡೆ. ಆ ಎಲೆಕ್ಟ್ರಾನಿಕ್ ಗನ್ ಸದ್ದು ನನ್ನ ಕಿವಿಗೂ ಬಿದ್ದಿತ್ತು. ಹಗುರ ಟ್ರಿಗರ್ ಅಲ್ವಾ, ಎರಡು ಬೆರಳಲ್ಲಿ ಬೇಗ ಬೇಗ ಒತ್ತುತ್ತಿದ್ದಾನೆ ಅಂತ ಸುಮ್ಮನಾದೆ.

ಮೂರನೇ ಸುತ್ತಿನಲ್ಲಿ ಹೆಬ್ಬಾಳದವರ ಪೈಕಿ ಆ ಹುಡುಗಿ ಮಾತ್ರ ಧೈರ್ಯ ಮಾಡಿ ಪೊದೆ ಸುತ್ತಿಕೊಂಡು ಬಂದಳು. ಅಷ್ಟು ದೂರ ಸದ್ದಿಲ್ಲದೆ ಬಂದಿದ್ದು ದೊಡ್ಡ ವಿಷಯ. ಕೊನೇ ಗಳಿಗೆಯಲ್ಲಿ ಒಣ ಎಲೆ ಸದ್ದಾಯಿತು. ಎಲೆಕ್ಟ್ರಾನಿಕ್ ಗನ್ ಹಿಡಿದಿದ್ದ ಆ ಕುವೆಂಪುನಗರದ ಹುಡುಗ ತಿರುಗಿದ, ಹೊಡೆದ.

ಆಟ ನಿಲ್ಲಿಸಿ, ಎಲ್ಲರ ಗನ್ ಬಾಯಿಗೂ ಬ್ಯಾರೆಲ್ ಕವರ್ ಹಾಕಿಸಿ, ಬಲೆಯ ಹೊರಗಿನ ಶೆಡ್‌ಗೆ ಕರೆತಂದೆ. ಮಾಸ್ಕ್ ತೆಗೆದದ್ದೇ ತಡ, ಜಗಳ.

"ಏನ್ ಗುರು ಇದು, ಮೆಷಿನ್ ಗನ್ನಾ? ಸೆಮಿ ಅಂದ್ರಿ ತಾನೇ?"

"ಅಣ್ಣ, ನಾವು ಜಾಸ್ತಿ ದುಡ್ಡು ಕೊಟ್ಟು ತಗೊಂಡಿರೋದು. ನೀವೂ ತಗೋಬಹುದಿತ್ತಲ್ಲ."

"ಕೈ ಎತ್ತಿದ್ಮೇಲೂ ಹೊಡೀತಿಯಲ್ಲಪ್ಪ, ಅದೂ ದುಡ್ಡು ಕೊಟ್ಟಿದ್ಕಾ?"

"ನಿಮ್ಮೋರು ಬಣ್ಣ ಒರೆಸ್ಕೊಂಡು ಒರೆಸ್ಕೊಂಡು ಆಡ್ತಿದ್ದಾರೆ. ಒಂದು ಹೊಡೆದ್ರೆ ಯಾರು ಹೊರಗೆ ಹೋಗ್ತಾರೆ ಅಣ್ಣ?"

ಈ ಕೊನೇ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಬೇಕಿತ್ತು.

ಹುಡುಗ ಆಣೆ ಇಟ್ಟು ಹೇಳಿದ, ಒಂದೊಂದು ಬಾಲ್‌ಗೂ ಒತ್ತಿದ್ದೇನೆ ಅಂತ. ನಾನು ಗನ್ ತಗೊಂಡು ನಿಧಾನಕ್ಕೆ ಒತ್ತಿದೆ. ಒಂದು ಒತ್ತಿದರೆ ಒಂದು. ಹತ್ತು ಸಲ ಒತ್ತಿದೆ, ಹತ್ತೇ ಬಾಲ್. ಹೆಬ್ಬಾಳದವರ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅವರ ಪೈಕಿ ಔಟ್ ಆಗಿ ಬಲೆಯ ಹೊರಗೆ ಕೂತಿದ್ದವರೊಬ್ಬರು, "ಸಾರ್, ನಾನು ವಿಡಿಯೊ ಮಾಡಿದೀನಿ" ಅಂದರು. ಆ ವಿಡಿಯೊ ಇಲ್ಲದಿದ್ದರೆ ಈ ಪ್ರಕರಣ ಅಲ್ಲೇ ಮುಚ್ಚಿಹೋಗುತ್ತಿತ್ತು, ನಾನು ತಪ್ಪು ತೀರ್ಪು ಕೊಟ್ಟಿರುತ್ತಿದ್ದೆ.

ವಿಡಿಯೊದಲ್ಲಿ ಹುಡುಗನ ಕೈ ಚೆನ್ನಾಗಿ ಕಾಣುತ್ತಿತ್ತು. ನಿಧಾನ ಮಾಡಿ ನೋಡಿದೆವು. ಒಂದು ಸೆಕೆಂಡಿನಲ್ಲಿ ಬೆರಳು ಆಡಿದ್ದು 5 ಸಲ. ಸದ್ದು ಬಂದಿದ್ದು 11. ಮೂರು ಸಲ ಎಣಿಸಿದೆವು, ಒಂದು ಸಲ ಆ ಹುಡುಗನ ಕೈಯಲ್ಲೇ ಎಣಿಸಿದೆವು. ಅದೇ ಲೆಕ್ಕ.

ಇದಕ್ಕೆ ರ್‍ಯಾಂಪಿಂಗ್ ಅಂತಾರೆ. ಫುಲ್ ಆಟೊ ಅಂದರೆ ಒತ್ತಿ ಹಿಡಿದರೆ ಬಿಡುವ ತನಕ ಬರುತ್ತದೆ. ಬರ್ಸ್ಟ್ ಅಂದರೆ ಒಂದು ಸಲ ಒತ್ತಿದರೆ ಮೂರೋ ಆರೋ ಬಂದು ನಿಲ್ಲುತ್ತದೆ. ಈ ಎರಡನ್ನೂ ಯಾರು ಬೇಕಾದರೂ ಕಂಡುಹಿಡಿಯಬಹುದು. ರ್‍ಯಾಂಪಿಂಗ್ ಹಾಗಲ್ಲ. ನಿಧಾನಕ್ಕೆ ಒತ್ತುವ ತನಕ ಅದು ಅಪ್ಪಟ ಸೆಮಿ ಥರ ನಡೆದುಕೊಳ್ಳುತ್ತದೆ. ಸತತವಾಗಿ ಮೂರ್ನಾಲ್ಕು ಸಲ ಬೇಗ ಒತ್ತಿದಿರಿ ಅಂದರೆ ಒಳಗಿನ ಸರ್ಕ್ಯೂಟ್ ಬೋರ್ಡ್ ತಾನೇ ಬಾಲ್ ಸೇರಿಸಿ ಹೊಡೆಯಲು ಶುರು ಮಾಡುತ್ತದೆ. ನೀವು ಐದು ಒತ್ತಿದರೆ ಅದು ಹತ್ತು ಹನ್ನೆರಡು ಬಿಡುತ್ತದೆ. ಬೆರಳು ನಿಲ್ಲಿಸಿದರೆ ಮತ್ತೆ ಸೆಮಿ. ದೊಡ್ಡ ಸ್ಪರ್ಧೆಗಳಲ್ಲಿ ಇದನ್ನು ತಿಳಿದೇ ಒಪ್ಪಿಕೊಂಡಿದ್ದಾರೆ. ಯಾರ ಗನ್ ಮೋಸ ಮಾಡುತ್ತಿದೆ ಅಂತ ಹಿಡಿಯುವುದು ಕಷ್ಟ ಆಗಿ, ಎಲ್ಲರಿಗೂ ಒಂದೇ ಮಿತಿ ಇಟ್ಟುಬಿಟ್ಟರು. ಆ ಮಿತಿ ಒಂದು ಕಾಲಕ್ಕೆ ಸೆಕೆಂಡಿಗೆ 15 ಇತ್ತು, ಆಮೇಲೆ ಇಳಿಸುತ್ತಾ ಇಳಿಸುತ್ತಾ 10ರ ಹತ್ತಿರ ತಂದರು. ಆದರೆ ಅಲ್ಲಿ ಎರಡೂ ಕಡೆಯವರ ಕೈಯಲ್ಲಿ ಅದೇ ಥರದ ಗನ್ ಇರುತ್ತದೆ, ಅಡಗಲು ಗಾಳಿ ತುಂಬಿದ ದೊಡ್ಡ ಬಂಕರ್ ಇರುತ್ತದೆ. ನಮ್ಮ ತೋಪಿನಲ್ಲಿ ಒಂದು ಕಡೆ ಮಾಮೂಲಿ ಸೆಮಿ, ಅಡಗಲು ಅಂಗೈ ಅಗಲದ ನೀಲಗಿರಿ ಬೊಡ್ಡೆ. ಅಲ್ಲಿನ ರೂಲ್ಸ್ ಇಲ್ಲಿಗೆ ಸರಿಹೋಗಲ್ಲ.

ಹಳೇ ಮೈದಾನದವರು ಆ ಬೋರ್ಡ್‌ನಲ್ಲಿ ಇಟ್ಟಿದ್ದ ಮೋಡ್ ಹಾಗೇ ಉಳಿದಿತ್ತು. ಮಾಲೀಕರಿಗೆ ಗೊತ್ತಿರಲಿಲ್ಲ. ನಾನು ಒಂದು ಬಾಲ್ ಹೊಡೆಸಿ ನೋಡಿದ್ದರಿಂದ ನನಗೂ ಗೊತ್ತಾಗಲಿಲ್ಲ. ವೇಗ ನೋಡುವಾಗಲೇ ಬೇಗ ಬೇಗ ಹತ್ತು ಹೊಡೆಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಈಗ ಆ 7 ಬಾಲ್ ವಿಷಯ. ಹೆಬ್ಬಾಳದವರು, ಬೇಕಂತಲೇ ಹೊಡೆದ ಅಂದರು. ನಾನು ವಿಡಿಯೊ ನೋಡಿ ಕೂತು ಲೆಕ್ಕ ಹಾಕಿದೆ. 4 ಮೀಟರ್ ದೂರಕ್ಕೆ ಬಾಲ್ ಹೋಗಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಎದುರಿನವರು ಕೈ ಎತ್ತಿದ್ದನ್ನು ಕಣ್ಣು ನೋಡಿ, ತಲೆಗೆ ಹೋಗಿ, ಬೆರಳು ನಿಲ್ಲುವ ಹೊತ್ತಿಗೆ, ಆಟದ ಬಿಸಿಯಲ್ಲಿ, ಅರ್ಧ ಸೆಕೆಂಡಾದರೂ ಬೇಕು. ಸೆಕೆಂಡಿಗೆ ನಾಲ್ಕು ಹೊಡೆಯುವವನಾದರೆ ಆ ಅರ್ಧ ಸೆಕೆಂಡಿನಲ್ಲಿ ಹೆಚ್ಚಿಗೆ ಬೀಳುವುದು ಎರಡು. 11 ಬಿಡುವ ಗನ್ ಆದರೆ ಐದಾರು. ಅಂದರೆ ಆ ಹುಡುಗ ಒಳ್ಳೆಯವನೇ ಆಗಿರಲಿ, ಕೈ ನೋಡಿದ ತಕ್ಷಣ ನಿಲ್ಲಿಸಬೇಕು ಅಂತಲೇ ಇರಲಿ, ಆ ಗನ್ ಅವನಿಗೆ ನಿಲ್ಲಿಸಲು ಬಿಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದೇ. ಸೆಮಿ ಮೋಡ್‌ನಲ್ಲಿ ಹಾರುವ ಪ್ರತಿಯೊಂದು ಬಾಲ್‌ಗೂ ಒಂದು ಬೆರಳು ಹೊಣೆ. ಹೊಡೆದವನನ್ನು ಕೇಳಬಹುದು, ಯಾಕಪ್ಪ ಹೊಡೆದೆ ಅಂತ. ರ್‍ಯಾಂಪಿಂಗ್‌ನಲ್ಲಿ ಅರ್ಧ ಬಾಲ್ ಯಾರವೂ ಅಲ್ಲ. ಅವಕ್ಕೆ ಯಾರನ್ನು ಕೇಳುವುದು?

ಇದನ್ನೇ ಹೇಳಿ, ಬೇಕಂತ ಹೊಡೆದದ್ದಲ್ಲ ಅಂತ ತೀರ್ಮಾನ ಕೊಟ್ಟೆ. ಅಲ್ಲಿಗೆ ಮುಗಿಯಬೇಕಿತ್ತು. ಆಗ ಆ ಹುಡುಗ ನನ್ನನ್ನು ನೀರಿನ ಡ್ರಮ್ಮಿನ ಹತ್ತಿರ ಕರೆದ.

"ಅಣ್ಣ, ಎರಡನೇ ಸುತ್ತಲ್ಲೇ ನಂಗೆ ಗೊತ್ತಾಯ್ತು. ಒತ್ತಿದ್ದಕ್ಕಿಂತ ಜಾಸ್ತಿ ಬರ್ತಿದೆ ಅಂತ. ಹೇಳಿದ್ರೆ ಗನ್ ಈಸ್ಕೊಂಬಿಡ್ತೀರಾ ಅಂತ ಸುಮ್ಮನಿದ್ದೆ."

"ಎಲ್ಲರ ಮುಂದೆ ಹೇಳ್ತೀಯೇನೋ?"

ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಬಂದು ಹೇಳಿದ. ಆ ಹುಡುಗಿಯ ಹತ್ತಿರ ಹೋಗಿ, "ಸಾರಿ ಅಕ್ಕ" ಅಂದ. ಗನ್ ಹಾಗಿದ್ದದ್ದು ಅವನ ತಪ್ಪಲ್ಲ, ಗೊತ್ತಾದ ಮೇಲೆ ಒಂದು ಸುತ್ತು ಪೂರ್ತಿ ಮುಚ್ಚಿಟ್ಟಿದ್ದು ಅವನ ತಪ್ಪು. ಎರಡನ್ನೂ ಬೇರೆ ಬೇರೆ ತೂಗಬೇಕು. ನಾನು ಎರಡನೇ ಮತ್ತು ಮೂರನೇ ಸುತ್ತು ಲೆಕ್ಕಕ್ಕಿಲ್ಲ ಅಂದೆ. ಮೊದಲ ಸುತ್ತು ಹಾಗೇ ಬಿಟ್ಟೆ, ಅದರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದಕ್ಕೆ ಹೆಬ್ಬಾಳದವರಲ್ಲಿ ಇಬ್ಬರು ಒಪ್ಪಲಿಲ್ಲ, ಗೊತ್ತಿರಲಿ ಬಿಡಲಿ ಗನ್ ಅದೇ ತಾನೇ ಅಂದರು. ಅವರ ಮಾತಿನಲ್ಲೂ ನ್ಯಾಯ ಇದೆ. ಈಗ ಯೋಚಿಸಿದರೆ ಮೊದಲ ಸುತ್ತನ್ನೂ ತೆಗೆದುಹಾಕಬೇಕಿತ್ತು ಅನ್ನಿಸುತ್ತದೆ.

ಅವನು ಒಪ್ಪಿಕೊಂಡಿದ್ದರಿಂದ ಇನ್ನೊಂದು ಬಾಗಿಲು ತೆರೆಯಿತು. ಹೆಬ್ಬಾಳದ ತಂಡದ ಒಬ್ಬ, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು, ತಾವಾಗೇ ಮುಂದೆ ಬಂದರು. "ನಾನೂ ಎರಡು ಸಲ ಒರೆಸ್ಕೊಂಡೆ ಕಣಪ್ಪ" ಅಂದರು. ಬಣ್ಣ ಬಿದ್ದಿದ್ದನ್ನು ತೋಳಿನಿಂದ ಒರೆಸಿ ಆಟ ಮುಂದುವರಿಸಿದ್ದರು. ಯಾಕೆ ಅಂತ ಕೇಳಿದೆ. "ನಾವು ಹೊಡೆದಿದ್ದು ಅವರಿಗೆ ಬಿದ್ದರೂ ಅವರು ಹೊರಗೆ ಹೋಗ್ತಿರಲಿಲ್ಲ, ಅದಕ್ಕೆ" ಅಂದರು. ಕುವೆಂಪುನಗರದವರು, ನಮಗೆ ಬಿದ್ದೇ ಇಲ್ಲ ಅಂದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ಬಾಲ್ ಚೀಲ ತಂದು ನೋಡಿದೆ. ಮಾಮೂಲಿ ಗನ್‌ಗೆ ಕೊಡುವ ಬಾಲ್ ಚೀಲ ಬಾಯಿ ಬಿಚ್ಚಿದ ಹಾಗೇ ತಗಡಿನ ಶೆಡ್‌ನಲ್ಲಿ ವಾರಗಟ್ಟಲೆ ಇತ್ತು. ಏಪ್ರಿಲ್ ಬಿಸಿಲು, ಮೇಲಿಂದ ಎರಡು ದಿನ ಸಂಜೆ ಮಳೆ. ಜೆಲಾಟಿನ್ ಸಿಪ್ಪೆ ಬಿಸಿಗೆ, ತೇವಕ್ಕೆ ಮೆತ್ತಗಾಗುತ್ತದೆ, ಊದುತ್ತದೆ. ಅಂಥ ಬಾಲ್ ಮೈಗೆ ಬಡಿದರೆ ಒಡೆಯದೇ ರಬ್ಬರ್ ಚೆಂಡಿನ ಹಾಗೆ ಪುಟಿದು ಬೀಳುತ್ತದೆ. ಒಡೆಯದಿದ್ದರೆ ಔಟ್ ಅಲ್ಲ, ಅದು ರೂಲ್ಸ್. ನಾಲ್ಕು ಬಾಲ್ ತಗೊಂಡು ಸೊಂಟದ ಎತ್ತರದಿಂದ ಕಲ್ಲಿನ ಮೇಲೆ ಬಿಟ್ಟೆ. ನಾಲ್ಕೂ ಪುಟಿದವು. ಎಲೆಕ್ಟ್ರಾನಿಕ್ ಗನ್‌ಗೆ ಕೊಟ್ಟಿದ್ದು ಹೊಸ ಡಬ್ಬದ ಬಾಲ್, ಅದು ಚೆನ್ನಾಗಿಯೇ ಒಡೆಯುತ್ತಿತ್ತು.

ಹೀಗೆ ಒಂದಕ್ಕೊಂದು ಸಿಕ್ಕಿಕೊಂಡಿತ್ತು. ಇವರ ಬಾಲ್ ಒಡೆಯಲಿಲ್ಲ, ಎದುರಿನವರು ಮೋಸ ಮಾಡುತ್ತಿದ್ದಾರೆ ಅಂದುಕೊಂಡು ಇವರು ಒರೆಸಿಕೊಂಡರು. ಇವರು ಒರೆಸಿಕೊಂಡಿದ್ದು ಕಂಡು, ಒಂದು ಬಾಲ್‌ಗೆ ಇವರು ಹೊರಗೆ ಹೋಗಲ್ಲ ಅಂತ ಅವರು ಜಾಸ್ತಿ ಹೊಡೆದರು. ಜಾಸ್ತಿ ಹೊಡೆದದ್ದು ನೋವಾಗಿ ಇವರಿಗೆ ಸಿಟ್ಟು ಬಂತು. ಗೋಲಿ ಆಟದಲ್ಲಿ ಚಿಕ್ಕವರಿದ್ದಾಗ ಜಗಳ ಆಗುತ್ತಿತ್ತಲ್ಲ, ಒಬ್ಬ ಗೇಣು ಅಳೆಯುವಾಗ ಬೆರಳು ಜಾರಿಸಿದರೆ ಇನ್ನೊಬ್ಬನೂ ಜಾರಿಸುತ್ತಿದ್ದ, ಹಾಗೆ. ಆದರೆ ಇಲ್ಲಿ ಅದರ ನೋವು ಒಬ್ಬಳ ಬೆನ್ನಿಗೆ ಬಿತ್ತು.

ಊಟ ಆದ ಮೇಲೆ ಮತ್ತೆ ಆಡೋಣ ಅಂತ ಎರಡೂ ತಂಡದವರು ಒಪ್ಪಿದರು. ಆ ಹುಡುಗಿಯೂ ಆಡುತ್ತೇನೆ ಅಂದಳು. ಮಾಲೀಕರು ಹೊಸ ಡಬ್ಬ ಒಡೆದು ಎಲ್ಲರಿಗೂ ಅದೇ ಬಾಲ್ ಕೊಟ್ಟರು. ಸುತ್ತಿಗೆ ತಲಾ 60, ಯಾರಿಗೂ ಹೆಚ್ಚಿಲ್ಲ. ಎಲೆಕ್ಟ್ರಾನಿಕ್ ಗನ್‌ಗಳ ಹಿಡಿ ಬಿಚ್ಚಿ, ಮೋಡ್ ಸೆಮಿಗೆ ಇಳಿಸಿ, ಸೆಕೆಂಡಿಗೆ 8 ಮೀರದ ಹಾಗೆ ಇಟ್ಟು, ಲಾಕ್ ಹಾಕಿದೆವು. ಹಾಗೆ ಲಾಕ್ ಮಾಡಿದರೆ ಅಲೆನ್ ಕೀ ಇಲ್ಲದೆ ಆಟದ ನಡುವೆ ಬದಲಾಯಿಸಲು ಆಗಲ್ಲ. ಆಮೇಲೆ ಪ್ರತಿ ಗನ್‌ನಿಂದಲೂ ಎಲ್ಲರ ಎದುರಿಗೆ ಹತ್ತು ಸಲ ಆದಷ್ಟು ಬೇಗ ಒತ್ತಿಸಿ ಎಣಿಸಿದೆವು. ಐದು ಮೀಟರ್ ಒಳಗೆ ಎದುರಾದರೆ ಹೊಡೆಯುವ ಮುಂಚೆ "ಔಟ್ ಆಗ್ತೀರಾ?" ಅಂತ ಒಂದು ಸಲ ಕೇಳಬೇಕು ಅಂತ ಸೇರಿಸಿದೆ. ಬಣ್ಣದ ಬಗ್ಗೆ ಅನುಮಾನ ಬಂದರೆ ಮಾರ್ಷಲ್‌ನ ಕೂಗಬೇಕು, ನಾನು ಬಂದು ನೋಡುವ ತನಕ ಆ ಇಬ್ಬರೂ ಹೊಡೆಯಬಾರದು.

ಆ ಆಟ ನೋಡಬೇಕಿತ್ತು. ಹೆಬ್ಬಾಳದವರು ಓಡಿದರು! ಬೆಳಿಗ್ಗೆ ದಿಮ್ಮಿ ಬಿಟ್ಟು ಕದಲದವರು ಎತ್ತಿನಗಾಡಿ ತನಕ ಬಂದರು, ಇಬ್ಬರು ಹೊಟ್ಟೆ ಮೇಲೆ ತೆವಳಿಕೊಂಡು ಬಂದು ಗೆಲ್ಲಲು ಹಿಡಿಯಬೇಕಾದ ಬಾವುಟದ ಹತ್ತಿರ ಕೂತರು. 60 ಬಾಲ್ ಅಷ್ಟೇ ಇದ್ದದ್ದರಿಂದ ಕುವೆಂಪುನಗರದವರೂ ನೋಡಿ ನೋಡಿ ಹೊಡೆದರು. ಬೆಳಿಗ್ಗೆ ಕೇಳಿಸದಿದ್ದದ್ದೆಲ್ಲ ಕೇಳಿಸಿತು, ಒಣ ಎಲೆ ಸದ್ದು, ಪಿಸುಮಾತು, ದೂರದ ನಾಲೆಯ ನೀರು. ಈ ಆಟ ಹುಟ್ಟಿದ್ದೇ ಇಂಥ ಕಾಡಿನಲ್ಲಿ. 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹೆನ್ನಿಕರ್ ಅನ್ನುವ ಊರಿನ ಹತ್ತಿರ 12 ಜನ ಆಡಿದ ಮೊದಲ ಆಟ ಅದು. ಕೈಯಲ್ಲಿದ್ದದ್ದು ಮರಕ್ಕೆ, ದನಕ್ಕೆ ಗುರುತು ಹಾಕಲು ಮಾಡಿದ್ದ ನೆಲ್‌ಸ್ಪಾಟ್ 007 ಪಿಸ್ತೂಲು. ಅದರಲ್ಲಿ ಒಂದು ಸಲಕ್ಕೆ ಒಂದೇ ಹೊಡೆತ, ಮತ್ತೆ ಕೈಯಿಂದ ಎಳೆದು ಸಿದ್ಧ ಮಾಡಬೇಕು. ಗೆದ್ದವನು ಕಾಡಿನ ಕೆಲಸ ಬಲ್ಲ ರಿಚಿ ವೈಟ್. ಅವನು ಒಂದೂ ಬಾಲ್ ಹೊಡೆಯದೆ, ಯಾರ ಕಣ್ಣಿಗೂ ಬೀಳದೆ ಬಾವುಟಗಳನ್ನೆಲ್ಲ ಒಟ್ಟು ಮಾಡಿದ. ಸೆಕೆಂಡಿಗೆ ಹನ್ನೊಂದು ಬಾಲ್ ಹಾರುವ ತೋಪಿನಲ್ಲಿ ಅಂಥವನಿಗೆ ಜಾಗ ಇಲ್ಲ. ನಮ್ಮ ಪೊದೆಯ ಹುಡುಗಿಗೂ ಬೆಳಿಗ್ಗೆ ಇರಲಿಲ್ಲ.

ಆ ಸುತ್ತನ್ನೂ ಕುವೆಂಪುನಗರದವರೇ ಗೆದ್ದರು. ಒಬ್ಬರೂ ತಕರಾರು ಮಾಡಲಿಲ್ಲ. ಹೊರಗೆ ಬಂದ ಮೇಲೆ ಸೋತವರೇ ಜಾಸ್ತಿ ಮಾತಾಡುತ್ತಿದ್ದರು, ನಾನು ಆ ಟೈರ್ ಹಿಂದಿಂದ ಬಂದಿದ್ರೆ, ನೀನು ಇನ್ನೊಂದು ನಿಮಿಷ ಕಾದಿದ್ರೆ, ಅಂತೆಲ್ಲ.

ಮಾಲೀಕರ ಜೊತೆಗಿನ ಮಾತು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. "ಎಲ್ಲಾ ಸೆಮಿ ಮಾಡಿದ್ರೆ ಆ ಗನ್‌ಗೆ ಹೆಚ್ಚಿಗೆ ದುಡ್ಡು ಯಾರು ಕೊಡ್ತಾರೆ ಹೇಳಿ" ಅಂದರು. ಅವರ ಕಷ್ಟ ನನಗೆ ಅರ್ಥ ಆಗುತ್ತದೆ, ಹಾಕಿದ ಬಂಡವಾಳ ಬರಬೇಕಲ್ಲ. ಆದರೆ ಹಗುರ ಗನ್ನಿಗೆ, ಚೆನ್ನಾಗಿ ಕೂರುವ ಹಿಡಿಗೆ, ಕಚ್ಚಿಕೊಳ್ಳದ ಹಾಪರ್‌ಗೆ ದುಡ್ಡು ತಗೊಳ್ಳಿ, ಎದುರಿನವರಿಗಿಂತ ಮೂರು ಪಟ್ಟು ಬಾಲ್ ಬಿಡುವ ಹಕ್ಕಿಗೆ ತಗೋಬೇಡಿ ಅಂದೆ. ಫುಲ್ ಆಟೊ ಹೊಡೆದು ನೋಡುವ ಆಸೆ ಇರುವವರಿಗೆ ಬೇರೆ ದಾರಿ ಮಾಡಿದೆವು. ಸಂಜೆ ಆಟ ಎಲ್ಲಾ ಮುಗಿದ ಮೇಲೆ, ತೋಪಿನ ಪಶ್ಚಿಮದ ಮೂಲೆಯಲ್ಲಿ ಹಳೇ ಡ್ರಮ್ಮುಗಳನ್ನು ನಿಲ್ಲಿಸಿ, ಬೇಕಾದವರು ದುಡ್ಡು ಕೊಟ್ಟು ಹೊಡೆಯಬಹುದು. ಡ್ರಮ್ಮಿಗೆ ನೋವಾಗಲ್ಲ.

ಎರಡು ವಾರದ ಮೇಲೆ ಆ ಹುಡುಗ ಮತ್ತೆ ಬಂದ. ಕ್ರೊನೊ ಮೇಜಿನ ಹತ್ತಿರ ನಿಂತು, ನಾನು ಕೇಳುವ ಮುಂಚೆಯೇ, ಗನ್ ಎತ್ತಿ ಡ್ರಮ್ಮಿನ ಕಡೆಗೆ ಹತ್ತು ಸಲ ಬೇಗ ಬೇಗ ಒತ್ತಿದ. ಪಕ್ಕದಲ್ಲಿದ್ದ ಹೊಸಬನಿಗೆ, "ಎಣಿಸು ಮಗಾ, ಜೋರಾಗಿ ಎಣಿಸು" ಅಂದ.